ಕಾಂಪೌಂಡ್ ಪಕ್ಕದ ಮೂರಡಿ ಜಾಗ: ಪಿಂಟೋ ಹಾಸೋದಾ, ಬಿದಿರು ನಿಲ್ಲಿಸೋದಾ?

ಮೂರಡಿ_ಪಟ್ಟಿ

ಬೆಂಗಳೂರು, 30×40 ಸೈಟು. ಪೂರ್ವದ ಕಾಂಪೌಂಡಿಗೂ ಮನೆ ಗೋಡೆಗೂ ನಡುವೆ 28 ಅಡಿ ಉದ್ದ, 3 ಅಡಿ ಅಗಲದ ಮಣ್ಣಿನ ಜಾಗ. ಕೆಮ್ಮಣ್ಣು, ಜೊತೆಗೆ ಮನೆ ಕಟ್ಟಿದಾಗ ಉಳಿದ ಜಲ್ಲಿ, ಸಿಮೆಂಟು. ಬೆಳಗ್ಗೆ 11ರವರೆಗೆ ಬಿಸಿಲು. ಒಂದು ತುದಿಯಲ್ಲಿ ಸಂಪು. ಕಾಂಪೌಂಡ್ 5 ಅಡಿ ಎತ್ತರ, ಅದರ ಮೇಲಿಂದ ಪಕ್ಕದ ಮನೆಯ ಅಡುಗೆಮನೆ ಕಿಟಕಿ ನೇರ ನಮ್ಮ ಹಾಲಿಗೆ ಇಣುಕುತ್ತೆ.

ಮನೆಯಲ್ಲಿ ಎರಡು ಪಕ್ಷ. ಒಂದು ಹಳದಿ ಹೂವಿನ ಪಿಂಟೋ (ನೆಲಕ್ಕೆ ಹಬ್ಬೋ, ಕಡಲೆಕಾಯಿ ಜಾತಿಯ ಬಳ್ಳಿ) ಹಾಸಿಬಿಡೋಣ ಅನ್ನುತ್ತೆ, ಇನ್ನೊಂದಕ್ಕೆ ಅಲಂಕಾರದ ಬಿದಿರೇ ಬೇಕು. ಎರಡರ ಬಗ್ಗೆಯೂ ನರ್ಸರಿಯಲ್ಲಿ ಸಿಗುವ ಉತ್ತರ ಒಂದೇ: "ಏನೂ ಕೆಲಸ ಇಲ್ಲ, ತಾನಾಗೇ ಬರುತ್ತೆ." ತಿಳಿದವರು ಹೇಳಿ.

ಕೆಮ್ಮಣ್ಣು

ಮೊದಲು ಕಿಟಕಿ ವಿಷಯ. ಪಿಂಟೋ ಬೆಳೆಯೋದು ಒಂದು ಗೇಣು. ಅದು ಕಳೆ ತಡೆಯುತ್ತೆ, ಮಳೆಗೆ ಮಣ್ಣು ಸಿಡಿದು ಗೋಡೆ ಕೆಂಪಾಗೋದನ್ನ ತಪ್ಪಿಸುತ್ತೆ, ನೋಡೋಕೂ ಚೆಂದ. ಕಿಟಕಿಗೆ ಮಾತ್ರ ಅದರಿಂದ ಏನೂ ಆಗೋದಿಲ್ಲ. ಆ ಕೆಲಸ ಬಿದಿರಿನದು. ಹಾಗಾಗಿ ಮನೆಯಲ್ಲಿ ಇತ್ಯರ್ಥ ಆಗಬೇಕಾದ್ದು ಮರೆ ಬೇಕೋ ಬೇಡವೋ ಅನ್ನೋದು. ಬೇಡ ಅಂತಾದರೆ ಪಿಂಟೋ ಹಾಕಿ, ಕಣ್ಣು ಮುಚ್ಚಿಕೊಂಡು.

ನಿಮ್ಮ ಜಾಗ 84 ಚದರ ಅಡಿ, ಹೆಚ್ಚುಕಡಿಮೆ 7.8 ಚದರ ಮೀಟರ್. 20 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಚದರ ಮೀಟರಿಗೆ 25, ಒಟ್ಟು ಸುಮಾರು 195 ಕಡ್ಡಿ. ಒಣಗೋ ಲೆಕ್ಕವೂ ಸೇರಿಸಿ 220 ಇಟ್ಟುಕೊಳ್ಳಿ. ಅಷ್ಟೂ ಪ್ಯಾಕೆಟ್ ಗಿಡವನ್ನೇ ತರಬೇಕಾಗಿಲ್ಲ. 25–30 ಪ್ಯಾಕೆಟ್ ತಂದು, ಒಂದು ಮೂಲೆಯಲ್ಲಿ ಎರಡು ತಿಂಗಳು ಬೆಳೆಸಿ, ಅದರಿಂದಲೇ ಕಡ್ಡಿ ಕತ್ತರಿಸಿಕೊಳ್ಳಬಹುದು.

ನೆಡೋ ಕ್ರಮ: ಮೇಲಿನ ಮುಕ್ಕಾಲು ಅಡಿ ಮಣ್ಣು ಅಗೆದು ಜಲ್ಲಿ, ಸಿಮೆಂಟ್ ಹೆಂಟೆ ಎಲ್ಲ ಆರಿಸಿ. ಚದರ ಮೀಟರಿಗೆ ಎರಡು ಬೊಗಸೆ ಗೊಬ್ಬರ ಸಾಕು. ಯೂರಿಯಾ ಬೇಡವೇ ಬೇಡ, ಇದು ಕಡಲೆಕಾಯಿಯ ನೆಂಟ, ಸಾರಜನಕವನ್ನ ತಾನೇ ಗಾಳಿಯಿಂದ ಎಳೆದುಕೊಳ್ಳುತ್ತೆ. ಯೂರಿಯಾ ಕೊಟ್ಟರೆ ಪಕ್ಕದ ಗರಿಕೆ ಕೊಬ್ಬುತ್ತೆ ಅಷ್ಟೇ. ಬಲಿತ ಬಳ್ಳಿಯಿಂದ 15–20 ಸೆಂ.ಮೀ. ತುಂಡು ಮಾಡಿ, ಮೂರು ನಾಲ್ಕು ಗೆಣ್ಣು ಇರಲಿ. ಎರಡು ಗೆಣ್ಣು ಮಣ್ಣೊಳಗೆ, ತುದಿ ಹೊರಗೆ, ಓರೆಯಾಗಿ ಇಟ್ಟು ಹೆಬ್ಬೆರಳಲ್ಲಿ ಒತ್ತಿ. ಒಳಗೆ ಗಾಳಿ ಉಳಿದರೆ ಗೆಣ್ಣು ಬೇರು ಬಿಡೋ ಮುಂಚೆ ಒಣಗುತ್ತೆ. ಹದಿನೈದು ದಿನ ಕಳೆದ ಮೇಲೆ ಮೆಲ್ಲಗೆ ಎಳೆದು ನೋಡಿ, ತಡೆದರೆ ಬೇರು ಬಂದಿದೆ ಅಂತ ಅರ್ಥ.

ಮಳೆಗಾಲದಲ್ಲಿ ನೆಟ್ಟದ್ದು ಮೂರು ನಾಲ್ಕು ತಿಂಗಳಲ್ಲಿ ಕೂಡಿಕೊಳ್ಳುತ್ತೆ. ಅಲ್ಲಿವರೆಗೆ ಕಳೆ ಕೀಳೋ ಕೆಲಸ ನಿಮ್ಮದೇ. "ಕೆಲಸ ಇಲ್ಲ" ಅನ್ನೋ ಮಾತು ನಿಜವಾಗೋದು ಐದನೇ ತಿಂಗಳಿಂದ. ಗರಿಕೆ ಗಡ್ಡೆ, ಜೇಕು ಇದ್ದರೆ ನೆಡೋ ಮುಂಚೆಯೇ ತೆಗೆಯಿರಿ. ಒಮ್ಮೆ ಪಿಂಟೋ ಹಂಬಿನ ಜೊತೆ ಹೆಣೆದುಕೊಂಡರೆ ಜೇಕು ಬಿಡಿಸೋದು ಜಟೆ ಬಿಡಿಸಿದಷ್ಟೇ ಕಷ್ಟ.

ಮೆಳೆಗಾರ

ಕೆಮ್ಮಣ್ಣು ಅವರು ಬಿದಿರನ್ನ ಒಂದೇ ಸಾಲಿನಲ್ಲಿ ಮುಗಿಸಿದರು. ಅದರಲ್ಲಿ ಜಾತಿ ಯಾವುದು ಅನ್ನೋದೇ ಮುಖ್ಯ. ನರ್ಸರಿ ಬೋರ್ಡ್ ನೋಡಿ ತಂದರೆ ಕೆಡ್ತೀರಿ.

ಬಿದಿರಲ್ಲಿ ಎರಡು ಸ್ವಭಾವ. ಮೆಳೆ ಕಟ್ಟುವುದು, ಹರಿದು ಹೋಗುವುದು. ಮೆಳೆ ಕಟ್ಟುವುದರ ಗಡ್ಡೆ ಗಿಡ್ಡ, ದಪ್ಪ. ಹೊಸ ಕಳಲೆ ತಾಯಿ ಗಳುವಿನ ಮಗ್ಗುಲಲ್ಲೇ ಏಳುತ್ತೆ. ಹರಿಯುವ ಜಾತಿಯ ಗಡ್ಡೆ ತೆಳ್ಳಗೆ, ಉದ್ದ. ನೆಲದೊಳಗೆ ಹೋಗ್ತಾ ಹೋಗ್ತಾ ಗೆಣ್ಣುಗೆಣ್ಣಿಗೂ ಕಳಲೆ ಎಬ್ಬಿಸುತ್ತೆ, ಪಕ್ಕದ ಮನೆಯ ಅಂಗಳದಲ್ಲಿ ಕೂಡ.

ಗುರುತು ಹಿಡಿಯೋದು ಸುಲಭ. ಒಂದು ಗಳು ಹಿಡಿದು, ಕವಲು ಹೊರಟ ಗೆಣ್ಣಿನ ಮೇಲ್ಭಾಗದಲ್ಲಿ ಹೆಬ್ಬೆರಳು ಆಡಿಸಿ. ಚಪ್ಪಟೆಯಾಗಿ ಒಂದು ತೋಡು ಸಿಕ್ಕಿ, ಅದೇ ಗೆಣ್ಣಲ್ಲಿ ಎರಡೇ ಕವಲು ಇದ್ದರೆ ಅದು ಫಿಲ್ಲೋಸ್ಟ್ಯಾಕಿಸ್, ಹರಿಯುವ ಜಾತಿ, ಮುಟ್ಟಬೇಡಿ. ಗಳು ದುಂಡಗಿದ್ದು ಗೆಣ್ಣಿಂದ ಕವಲು ಗೊಂಚಲು ಗೊಂಚಲಾಗಿ ಹೊರಟಿದ್ದರೆ ಬಾಂಬೂಸಾ, ಮೆಳೆ ಕಟ್ಟುತ್ತೆ. ಅನುಮಾನ ಉಳಿದರೆ ಚೀಲ ಓರೆ ಮಾಡಿಸಿ ಬುಡ ನೋಡಿ. ಎಲ್ಲಾ ಗಳುಗಳೂ ಒತ್ತಾಗಿ ಒಂದೇ ಕಡೆಯಿಂದ ಎದ್ದಿವೆಯೋ, ಒಂದೊಂದು ಒಂದೊಂದು ಮೂಲೆಯಿಂದಲೋ ಅಂತ.

ನಿಮಗೆ ಹೊಂದೋದು ಬಾಂಬೂಸಾ ಮಲ್ಟಿಪ್ಲೆಕ್ಸ್, ಅದರಲ್ಲೂ ಗೋಲ್ಡನ್ ಗಾಡೆಸ್ ಅನ್ನೋ ತಳಿ. 6ರಿಂದ 10 ಅಡಿ ಬೆಳೆದು, ತುದಿ ಸ್ವಲ್ಪ ಬಾಗಿ ನಿಲ್ಲುತ್ತೆ. ಹಳದಿ ಗಳುವಿನ ಮೇಲೆ ಹಸಿರು ಗೀರು ಇರೋ ಅಲ್ಫಾನ್ಸ್ ಕಾರ್ ಕೂಡ ಇದೇ ಜಾತಿ, ಇನ್ನೂ ಎತ್ತರ ಹೋಗುತ್ತೆ.

ಬೇಡವಾದ್ದು: ದಪ್ಪ ಹಳದಿ ಬಿದಿರು, ಅಂದರೆ ವಲ್ಗಾರಿಸ್ ವಿಟ್ಟಾಟಾ. ಚೀಲದಲ್ಲಿ ನಾಲ್ಕಡಿ ಇದ್ದಾಗ ಮುದ್ದಾಗಿ ಕಾಣುತ್ತೆ, ನೆಲದಲ್ಲಿ 30–40 ಅಡಿ ಏರುತ್ತೆ. ಅದರ ಜಾಗ ಪಾರ್ಕು, ಫಾರ್ಮ್‌ಹೌಸು. ಗಳು ಹೊಟ್ಟೆಯಂತೆ ಉಬ್ಬಿರೋ ಬುದ್ಧ ಬೆಲ್ಲಿ ಬಿದಿರಿನದೂ ಇದೇ ಕಥೆ. ಆ ಹೊಟ್ಟೆ ಬರೋದು ಕುಂಡದಲ್ಲಿ ನೀರು, ಜಾಗ ಎರಡೂ ಕಡಿಮೆ ಮಾಡಿ ಕಾಡಿಸಿದಾಗ. ನೆಲಕ್ಕಿಟ್ಟು ಚೆನ್ನಾಗಿ ನೀರುಣಿಸಿದರೆ ಹೊಟ್ಟೆ ಕರಗಿ ಸಾಮಾನ್ಯ ಬಿದಿರಿನಂತೆ ಉದ್ದ ಹೋಗುತ್ತೆ. ಇನ್ನು ಲಕ್ಕಿ ಬ್ಯಾಂಬೂ ಬಿದಿರೇ ಅಲ್ಲ, ಆಫ್ರಿಕಾ ಮೂಲದ ಡ್ರಸೀನಾ. ಅದನ್ನ ಹೊರಗೆ ಸಾಲಾಗಿ ನೆಡಬಹುದಾ ಅಂತ ಕೇಳುವವರೂ ಇದ್ದಾರೆ, ಅದಕ್ಕೇ ಹೇಳಿದ್ದು.

ಮೂರಡಿ_ಪಟ್ಟಿ

ಗೋಲ್ಡನ್ ಗಾಡೆಸ್ ಅಂತಾದರೆ 28 ಅಡಿಗೆ ಎಷ್ಟು ಗಿಡ? ಬೇರು ಸಂಪಿನ ಗೋಡೆ ಒಡೆಯುತ್ತಾ? ಅಮ್ಮನ ಪ್ರಶ್ನೆ ಇನ್ನೊಂದು: ಬಿದಿರಿದ್ದರೆ ಹಾವು ಬರುತ್ತಂತೆ.

ಮೆಳೆಗಾರ

ಸಂಪಿನ ಪಕ್ಕ 4 ಅಡಿ ಬಿಟ್ಟರೆ ಉಳಿದದ್ದು 24 ಅಡಿ. 3 ಅಡಿಗೊಂದರಂತೆ 8 ಗಿಡ. ಎರಡಡಿಗೊಂದು ಹಾಕಿ ಬೇಗ ತುಂಬಿಸೋಣ ಅನ್ನೋ ಆಸೆ ಬೇಡ, ನಾಲ್ಕನೇ ವರ್ಷಕ್ಕೆ ಒಳಗೆ ಕೈ ಹಾಕೋಕೆ ಜಾಗ ಇರೋಲ್ಲ.

ಬೇರಿನ ವಿಷಯ: ಬಿದಿರು ಹುಲ್ಲಿನ ಜಾತಿ. ಬೇರು ನಾರಿನಂತೆ ತೆಳ್ಳಗೆ ಹುಟ್ಟಿ ಹಾಗೇ ಉಳಿಯುತ್ತೆ, ಆಲ, ಅರಳಿಯ ಬೇರಿನ ಹಾಗೆ ವರ್ಷವರ್ಷ ದಪ್ಪ ಆಗಿ ಗೋಡೆ ಸೀಳೋದಿಲ್ಲ. ಆದರೆ ಸಂಪಿನ ಗೋಡೆಯಲ್ಲಿ ಈಗಲೇ ಬಿರುಕಿದ್ದು ತೇವ ಜಿನುಗುತ್ತಿದ್ದರೆ ಅಲ್ಲಿಗೆ ನುಗ್ಗುತ್ತೆ. ಗೋಡೆಗೆ ನಿಜವಾಗಿ ಒತ್ತೋದು ಬೇರಲ್ಲ, ಬೆಳೆಯೋ ಗಡ್ಡೆ. ಕಾಂಪೌಂಡಿಗೆ ಅಂಟಿಸಿ ನೆಟ್ಟರೆ ಕಳಲೆ ಬೇರೆ ದಾರಿ ಇಲ್ಲದೆ ಒಂದೇ ಕಡೆ ಒತ್ತರಿಸಿಕೊಂಡು ಬರುತ್ತೆ. ಪಟ್ಟಿಯ ನಡುಮಧ್ಯಕ್ಕೆ, ಎರಡೂ ಕಡೆ ಒಂದೂವರೆ ಅಡಿ ಬಿಟ್ಟು ನೆಡಿ.

ಹಾವು ಬಿದಿರನ್ನ ಹುಡುಕಿಕೊಂಡು ಬರೋದಿಲ್ಲ, ಇಲಿ ಕಪ್ಪೆ ಹುಡುಕಿಕೊಂಡು ಬರುತ್ತೆ. ಮೆಳೆಯ ಬುಡದಲ್ಲಿ ಸತ್ತ ಗಳು, ಹಳೇ ಇಟ್ಟಿಗೆ, ಒಡೆದ ಕುಂಡ ಪೇರಿಸಿಟ್ಟರೆ ಇಲಿ ಸೇರುತ್ತೆ. ಗಳುಗಳ ಕೆಳಗಿನ ಎರಡಡಿ ಕವಲು ಸವರಿಟ್ಟರೆ ಬುಡ ಕಾಣುತ್ತೆ, ಗುಡಿಸಬಹುದು. ಅಮ್ಮನಿಗೂ ಸಮಾಧಾನ.

ಕೆಮ್ಮಣ್ಣು

ಮೂರಡಿ ಅಗಲದ ಜಾಗಕ್ಕೆ ಬಿದಿರನ್ನ ನೇರ ನೆಲಕ್ಕಿಡೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಮಲ್ಟಿಪ್ಲೆಕ್ಸ್ ಮೆಳೆ ಐದಾರು ವರ್ಷಕ್ಕೆ ತಾನೊಂದೇ ಮೂರಡಿ ಹರಡುತ್ತೆ. ಆಮೇಲೆ ಆ ಓಣಿಯಲ್ಲಿ ಗ್ಯಾಸ್ ಸಿಲಿಂಡರ್ ಹೊತ್ತು ಹೋಗೋದು ಹೇಗೆ? ಪೈಪು ಒಡೆದರೆ ಪ್ಲಂಬರ್ ಕೂರೋದೆಲ್ಲಿ?

ತೊಟ್ಟಿಯಲ್ಲಿಡಿ. 200 ಲೀಟರಿನ ನೀಲಿ ಡ್ರಮ್ಮನ್ನ ಅಡ್ಡ ಕೊಯ್ಸಿದರೆ ಎರಡು ತೊಟ್ಟಿ, ಒಂದೊಂದಕ್ಕೆ ಒಂದು ಗಿಡ. ತಳದಲ್ಲಿ ಬೆರಳು ಗಾತ್ರದ ಆರೇಳು ತೂತು, ಮೇಲೆ ಎರಡಿಂಚು ಜಲ್ಲಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ದಪ್ಪ ಮರಳು. ಡ್ರಮ್ಮನ್ನ ಮಣ್ಣಲ್ಲಿ ಹೂಳಬೇಡಿ, ಎರಡು ಇಟ್ಟಿಗೆ ಮೇಲೆ ನಿಲ್ಲಿಸಿ. ಹೂತರೆ ತೂತಿನಿಂದ ಬೇರು ಇಳಿದು ನೆಲ ಹಿಡಿಯುತ್ತೆ, ಆಮೇಲೆ ಅಲ್ಲಾಡಿಸೋಕೂ ಆಗಲ್ಲ.

ಮೆಳೆಗಾರ

ತೊಟ್ಟಿ ಆಗುತ್ತೆ, ಆದರೆ ಅದರ ಬಾಬ್ತು ಪೂರ್ತಿ ಹೇಳಿ. ಮಾರ್ಚ್, ಏಪ್ರಿಲ್‌ನಲ್ಲಿ ದಿನಾ ನೀರು ಹಾಕಲೇಬೇಕು, ಒಂದೊಂದಕ್ಕೆ 8–10 ಲೀಟರ್. ನೆಲದಲ್ಲಿ ಬೇರೂರಿದ ಮೆಳೆಗೆ ವಾರಕ್ಕೆರಡು ಸಲ ಸಾಕು. ನೀರು ತಪ್ಪಿದ ದಿನ ಎಲೆ ಉದ್ದಕ್ಕೆ ಸುರುಳಿ ಸುತ್ತಿಕೊಂಡು ಸೂಜಿಯಂತಾಗುತ್ತೆ. ಸಂಜೆ ನೀರು ಕಂಡರೆ ಬಿಚ್ಚಿಕೊಳ್ಳುತ್ತೆ. ಎರಡು ದಿನ ಹಾಗೇ ಬಿಟ್ಟರೆ ತುದಿ ಕಂದಿ ಎಲೆ ಉದುರುತ್ತೆ. ಊರಿಗೆ ಹೋಗುವವರು ಹನಿ ನೀರಾವರಿ ಪೈಪು, ಟೈಮರ್ ಇಲ್ಲದೆ ತೊಟ್ಟಿ ಬಿದಿರು ಇಡೋದೇ ಬೇಡ.

ಎರಡು ಮೂರು ವರ್ಷಕ್ಕೊಮ್ಮೆ ಹೊರತೆಗೆದು ಸೀಳಬೇಕು. ಮೇ ಕೊನೆ ಸರಿಯಾದ ಕಾಲ, ಕಳಲೆ ಏಳೋ ಮುಂಚೆ. ಡ್ರಮ್ ಕೆಡವಿ ಉಂಡೆ ಹೊರತೆಗೆದು, ಗರಗಸದಲ್ಲಿ ಎರಡು ಹೋಳು ಮಾಡಿ. ಪ್ರತಿ ಹೋಳಿನಲ್ಲಿ ಮೂರು ನಾಲ್ಕು ಗಳು, ಗಡ್ಡೆಯಲ್ಲಿ ಮೊಳಕೆ ಕಣ್ಣು ಇರಬೇಕು. ಒಂದು ಹೋಳು ವಾಪಸ್ ಹಾಕಿ, ಇನ್ನೊಂದು ಯಾರಿಗಾದರೂ ಕೊಡಿ. ಮಾಡದಿದ್ದರೆ ಗಡ್ಡೆ ಡ್ರಮ್ಮನ್ನೇ ಉಬ್ಬಿಸಿ ಸೀಳುತ್ತೆ.

ಇದೇ ಅರ್ಧ ಡ್ರಮ್ಮುಗಳನ್ನ ಟೆರೇಸ್ ಮೇಲೆ ಇಡುವವರು ಗಮನಿಸಿ: ನೀರು ಕುಡಿದ ಮೇಲೆ ಒಂದೊಂದೂ 150 ಕಿಲೋಗೆ ಕಡಿಮೆ ಇರೋದಿಲ್ಲ. ಕೆಳಗೆ ಬೀಮ್ ಇರೋ ಕಡೆ ಮಾತ್ರ.

ಎರೆಹೊಲ (ಧಾರವಾಡ)

ಪಿಂಟೋ ಬಗ್ಗೆ ಒಂದ್ ಮಾತ ಸೇರಸ್ತೇನ್ರಿ. ನಮ್ಮ ಕಡೆ ಎರಿ ಮಣ್ಣಾಗ ಹಾಕಿದ್ರ ಎಳಿ ಎಲಿ ಹಳದಿ ಆಗ್ತಾವ, ನರ ಅಷ್ಟ ಹಸರ ಉಳಿತಾವ. ನೀರ ಕಡಿಮಿ ಆಗೇತಿ ಅಂತ ಜನ ಇನ್ನಷ್ಟ ನೀರ ಬಿಡ್ತಾರ, ಅದು ಇನ್ನಷ್ಟ ಹಳದಿ ಆಗ್ತದ. ಮಣ್ಣಾಗ ಸುಣ್ಣ ಜಾಸ್ತಿ ಇದ್ರ ಗಿಡಕ್ಕ ಕಬ್ಬಿಣ ಸಿಗಂಗಿಲ್ಲ, ನೀರ ನಿಂತ್ರಂತೂ ಮುಗೀತು. ನಿಮ್ದು ಕೆಮ್ಮಣ್ಣ ಖರೆ, ಆದ್ರ ಸಿಮೆಂಟ್ ಬಿದ್ದೇತಿ ಅಂದ್ರಲ್ಲ, ಅದೂ ಸುಣ್ಣನ. ಗ್ವಾಡಿ ಬುಡದಾಗ ಇರೂ ಗಿಡ ಅಷ್ಟ ಹಳದಿ ಆದ್ರ ಕಾರಣ ಅದ ಅಂತ ತಿಳ್ಕೋರಿ.

ಒಂದ್ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್. ಸಂಜಿ ಮುಂದ ಎಲಿ ಮ್ಯಾಲ ಹೊಡೀರಿ, 10 ದಿನಕ್ಕೊಮ್ಮಿ ಮೂರ ಸಲ. ಬಣ್ಣ ಹಚ್ಚಿದ ಗ್ವಾಡಿಗೆ, ಟೈಲ್ಸಿಗೆ ಸಿಡಿಸಬ್ಯಾಡ್ರಿ, ತುಕ್ಕಿನ ಕಲಿ ಬಿದ್ರ ಹೋಗಂಗಿಲ್ಲ.

ಹಿತ್ತಲ_ಹೂ

ನೀವೆಲ್ಲ ಪಿಂಟೋ ಪಿಂಟೋ ಅಂತಿದ್ದೀರಿ. ವೆಡೇಲಿಯಾ ಯಾಕೆ ಬೇಡ? ಅದೂ ಹಳದಿ ಹೂವೇ, ಅದಕ್ಕಿಂತ ಬೇಗ ಹರಡುತ್ತೆ, ನೆರಳಲ್ಲೂ ಹೂ ಬಿಡುತ್ತೆ, ಎರಡು ಹಿಡಿ ಬಳ್ಳಿ ತಂದು ಎಸೆದರೂ ಸಾಕು.

ಕರಾವಳಿ_ತೋಟ (ಮಂಗಳೂರು)

ಎಸೆದರೂ ಸಾಕು ಎನ್ನುವುದೇ ಅದರ ದೋಷ ಮಾರಾಯ್ರೆ. ವೆಡೇಲಿಯಾ ದಕ್ಷಿಣ ಅಮೆರಿಕದ ಕಡೆಯ ಗಿಡ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳೆಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಮಾಡಿದ ಪಟ್ಟಿಯಲ್ಲಿ ಅದರ ಹೆಸರಿದೆ, ನಮ್ಮ ಲಂಟಾನದ ಜೊತೆಯಲ್ಲೇ. ಇಲ್ಲಿ ತೋಡಿನ ಬದಿ, ಗದ್ದೆ ಹುಣಿ, ರಸ್ತೆ ಅಂಚು ಎಲ್ಲ ಕಡೆ ಅದೇ ಹಬ್ಬಿದೆ. ಹೆಚ್ಚಿನದು ಯಾರದೋ ತೋಟದಿಂದ ಕತ್ತರಿಸಿ ಬಿಸಾಡಿದ್ದರಿಂದಲೇ ಬಂದದ್ದು. ಪಿಂಟೋ ದನಕ್ಕೆ ಒಳ್ಳೆಯ ಮೇವು, ವೆಡೇಲಿಯಾವನ್ನು ದನಕ್ಕೆ ಹಾಕುವ ಹಾಗಿಲ್ಲ.

ಎರಡೂ ಹಳದಿ ಹೂವು ಬಿಡುವುದರಿಂದ ನರ್ಸರಿಯಲ್ಲಿ ಅದಲು ಬದಲು ಆಗುವುದುಂಟು. ಎಲೆ ನೋಡಿ. ಪಿಂಟೋದ್ದು ಕಡಲೆಕಾಯಿ ಗಿಡದ ಎಲೆಯೇ, ಒಂದು ತೊಟ್ಟಿಗೆ ನಾಲ್ಕು ಕಿರುಎಲೆ, ಹೂವು ಅವರೆ ಹೂವಿನ ಆಕಾರ. ವೆಡೇಲಿಯಾದ್ದು ಒರಟು, ಹೊಳೆಯುವ ಎಲೆ, ಅಂಚಿನಲ್ಲಿ ಮೂರು ಮೂಲೆ, ಹೂವು ಪುಟ್ಟ ಸೂರ್ಯಕಾಂತಿಯ ಹಾಗೆ.

ಈಗಾಗಲೇ ಇರುವವರು ತೆಗೆಯುವುದಾದರೆ ಮಳೆ ಬಂದ ಮಾರನೇ ದಿನ ಕೀಳಿ, ಬೇರು ಸಮೇತ ಬರುತ್ತದೆ. ಒಂದು ಗೆಣ್ಣು ಉಳಿದರೂ ಚಿಗುರುವುದರಿಂದ ಮೂರು ವಾರಕ್ಕೊಮ್ಮೆ, ಮೂರು ನಾಲ್ಕು ತಿಂಗಳು ಬಿಡದೆ ಕೀಳಬೇಕು. ಕಿತ್ತದ್ದನ್ನು ಗೊಬ್ಬರ ಗುಂಡಿಗೆ ಹಾಕಬೇಡಿ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ತಿಂಗಳು ಬಿಸಿಲಿಗಿಡಿ, ಬೆಂದು ಕೊಳೆತ ಮೇಲೆ ಏನೂ ಭಯ ಇಲ್ಲ.

ಹಿತ್ತಲ_ಹೂ

ಅಷ್ಟು ಗೊತ್ತಿರಲಿಲ್ಲ. ಹಾಗಾದರೆ ಬಣ್ಣ ಬೇಕಾದವರಿಗೆ ಬೇರೆ ಏನಿದೆ?

ಕೆಮ್ಮಣ್ಣು

ಆರು ಗಂಟೆಗೂ ಹೆಚ್ಚು ಬಿಸಿಲಿದ್ದರೆ ಟೇಬಲ್ ರೋಸ್, ಆದರೆ ಅದು ಮಳೆಗಾಲದಲ್ಲಿ ಕೊಳೆಯುತ್ತೆ. ನೀಲಿ ಬೇಕಾದರೆ ಇವಾಲ್ವುಲಸ್, ಹೂವು ಮಧ್ಯಾಹ್ನಕ್ಕೇ ಮುಚ್ಚಿಕೊಳ್ಳುತ್ತೆ. ಮೂರಡಿ_ಪಟ್ಟಿಯವರ ಅರ್ಧ ದಿನದ ಬಿಸಿಲಿಗೆ ಪಿಂಟೋ ಬಿಟ್ಟರೆ ಅಷ್ಟು ಪಾಡಾದ್ದು ಕಾಣೆ. ಅದರ ಕೊರತೆಯನ್ನೂ ಹೇಳಿಬಿಡ್ತೀನಿ. ನೆರಳು ಹೆಚ್ಚಾದರೆ ಎಲೆ ದಟ್ಟವಾಗಿರುತ್ತೆ, ಹೂವು ಕಡಿಮೆ ಆಗುತ್ತೆ. ದಿನಾ ತುಳಿದರೆ ಸಾಯುತ್ತೆ, ಓಡಾಡೋ ಕಡೆ ಒಂದೂವರೆ ಅಡಿಗೊಂದು ಚಪ್ಪಡಿ ಹಾಕಲೇಬೇಕು. ಬೇಸಿಗೆಯಲ್ಲಿ ನುಸಿ ಬರುತ್ತೆ: ಎಲೆ ಮೇಲೆ ಬಿಳಿ ಚುಕ್ಕಿ, ಅಡಿಯಲ್ಲಿ ಸಣ್ಣ ಬಲೆ. ಬೆಳಗ್ಗೆ ಪೈಪಿನ ತುದಿ ಒತ್ತಿ ಹಿಡಿದು ಎಲೆ ಅಡಿಗೆ ಬಡಿಯುವ ಹಾಗೆ ನಾಲ್ಕೈದು ದಿನ ನೀರು ಹೊಡೆದರೆ ಅರ್ಧ ಹೋಗುತ್ತೆ. ಬಗ್ಗದಿದ್ದರೆ ನೀರಲ್ಲಿ ಕರಗೋ ಗಂಧಕ ಲೀಟರಿಗೆ 2 ಗ್ರಾಂ. ಸುಡು ಬಿಸಿಲಲ್ಲಿ ಬೇಡ, ಬೇವಿನೆಣ್ಣೆ ಹೊಡೆದ ಹದಿನೈದು ದಿನದೊಳಗೂ ಬೇಡ, ಎಲೆ ಸುಡುತ್ತೆ.

ಸಾಗರದಾಚೆ (ಕ್ಯಾಲಿಫೋರ್ನಿಯಾ)

ಇಲ್ಲಿ ಬೇ ಏರಿಯಾದಲ್ಲಿ ಮನೆ ಮಾಡಿರೋರು ಇದನ್ನೇ ನೋಡಿ ಪಿಂಟೋ ಹುಡುಕಬೇಡಿ, ಇಬ್ಬನಿ ಹೆಪ್ಪುಗಟ್ಟೋ ರಾತ್ರಿಗೆ ಎಲೆ ಕಪ್ಪಾಗುತ್ತೆ. ಅದರ ಬದಲು ಕುರಾಪಿಯಾ ಸಿಗುತ್ತೆ. ನಮ್ಮ ಕೆರೆ ದಂಡೆಯ ನೆಲಹಿಪ್ಪಲಿಯಿಂದ ಜಪಾನಿನಲ್ಲಿ ರೂಪಿಸಿದ ತಳಿ ಅದು. ಬಿದಿರಿನ ವಿಷಯದಲ್ಲಿ ಇಲ್ಲಿನ ಅಪಾಯ ಹೆಚ್ಚು, ಹರಿಯುವ ಜಾತಿಯೇ ಎಲ್ಲ ಕಡೆ ಮಾರಾಟಕ್ಕಿರುತ್ತೆ. ಅದನ್ನೇ ನೆಡೋದಾದರೆ ಸುತ್ತ 30 ಇಂಚು ಅಗಲದ ದಪ್ಪ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ ಹೂತು, ಅಂಚು ನೆಲದಿಂದ ಎರಡಿಂಚು ಮೇಲಿರಲಿ. ಹಾಳೆ ದಾಟೋ ಗಡ್ಡೆ ಮೇಲಿಂದಲೇ ದಾಟುತ್ತೆ, ಕಣ್ಣಿಗೆ ಬಿದ್ದರೆ ಕತ್ತರಿಸಬಹುದು.

ಮೂರಡಿ_ಪಟ್ಟಿ

ಎರಡೂ ಒಟ್ಟಿಗೆ ಆಗುತ್ತಾ? ಬಿದಿರು ಸಾಲು, ಅದರ ಬುಡಕ್ಕೆ ಪಿಂಟೋ?

ಮೆಳೆಗಾರ

ನೆಲಕ್ಕೆ ನೆಟ್ಟ ಬಿದಿರಾದರೆ ಎರಡು ವರ್ಷ ಚೆಂದ, ಆಮೇಲೆ ಇಲ್ಲ. ಬಿದಿರಿನ ಬೇರು ಮೇಲಿನ ಒಂದಡಿಯಲ್ಲೇ ಹೆಣೆದುಕೊಂಡು ನೀರೆಲ್ಲ ಹೀರುತ್ತೆ, ಉದುರಿದ ಎಲೆ ಚಾಪೆಯಂತೆ ಕೂತು ಪಿಂಟೋ ಮುಚ್ಚಿಹೋಗುತ್ತೆ. ಆ ಎಲೆಯನ್ನ ಗುಡಿಸಿ ಎಸೆಯೋದೂ ತಪ್ಪು, ಮೆಳೆಗೆ ಅದೇ ಗೊಬ್ಬರ. ಬಿದಿರು ತೊಟ್ಟಿಯಲ್ಲಿ, ಪಿಂಟೋ ನೆಲದಲ್ಲಿ ಅಂತ ಮಾಡಿದರೆ ಎರಡೂ ಉಳಿಯುತ್ತೆ. ಈ ಒಂದು ವಿಷಯದಲ್ಲಿ ಕೆಮ್ಮಣ್ಣು ಅವರ ಡ್ರಮ್ಮಿಗೆ ನನ್ನ ಓಟು.

28 ಅಡಿಗೂ ಬೇಡ. ಕಿಟಕಿ ಎದುರಿನ 9 ಅಡಿಗೆ ಮೂರು ತೊಟ್ಟಿ ಇಡಿ. ಉಳಿದದ್ದು ಪೂರ್ತಿ ಪಿಂಟೋ.

ಬಿದಿರು ಕತ್ತರಿಸೋದನ್ನ ಕಲಿತುಕೊಳ್ಳಿ. ಗಳುವಿನ ಎತ್ತರ ಮೊದಲ ಮಳೆಗಾಲದಲ್ಲೇ ಮುಗಿಯುತ್ತೆ, ಆಮೇಲೆ ಬೆಳೆಯೋದೂ ಇಲ್ಲ, ದಪ್ಪ ಆಗೋದೂ ಇಲ್ಲ. ಹಾಗಾಗಿ ಎಂಟಡಿಗೆ ಒಮ್ಮೆ ತುದಿ ಕತ್ತರಿಸಿದ ಗಳು ಸಾಯೋವರೆಗೂ ಎಂಟೇ ಅಡಿ, ಕವಲು ಮಾತ್ರ ದಟ್ಟ ಆಗುತ್ತೆ. ಡಿಸೆಂಬರ್, ಜನವರಿಯಲ್ಲಿ ಮೂರು ವರ್ಷ ದಾಟಿದ, ಮಂಕಾದ ಗಳುಗಳನ್ನ ಬುಡದಿಂದ ತೆಗೆಯಿರಿ. ಕೊಯ್ಲು ಗೆಣ್ಣಿನ ಉಂಗುರಕ್ಕೆ ಹತ್ತಿ, ಅದರ ಮೇಲೇ ಬರಬೇಕು. ಗೆಣ್ಣಿಗಿಂತ ಮೂರಿಂಚು ಮೇಲೆ ಕೊಯ್ದರೆ ಅಲ್ಲೊಂದು ಲೋಟ ಉಳಿಯುತ್ತೆ, ಮಳೆ ನೀರು ನಿಂತು ಡೆಂಗಿ ಸೊಳ್ಳೆ ಮೊಟ್ಟೆ ಇಡೋಕೆ ಅದಕ್ಕಿಂತ ಒಳ್ಳೆ ಜಾಗ ಸಿಗಲ್ಲ. ಹಳೇ ಮೋಟು ಇದ್ದರೆ ಗೆಣ್ಣಿನವರೆಗೆ ಕೊಯ್ದುಬಿಡಿ, ಆಗದಿದ್ದರೆ ಮರಳು ತುಂಬಿಸಿ.

ಎಲೆ ಮೇಲೆ ಮಸಿ ಬಳಿದಂತೆ ಕಪ್ಪಾದರೆ ಅದು ಬಿದಿರಿನ ರೋಗವಲ್ಲ, ಗಳುವಿನಲ್ಲಿ ಹೇನು ಕೂತು ಸುರಿಸಿದ ಅಂಟಿನ ಮೇಲೆ ಬೆಳೆದ ಬೂಷ್ಟು. ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಒಂದೆರಡು ಹನಿ ಸೋಪಿನ ದ್ರವ, ಗಳುವಿಗೆ ತಾಗುವ ಹಾಗೆ ವಾರಕ್ಕೊಮ್ಮೆ ಮೂರು ಸಲ. ಇರುವೆ ಸಾಲು ಗಳು ಹತ್ತುತ್ತಿದ್ದರೆ ಹೇನು ಬಂದಿದೆ ಅಂತ ಮೊದಲೇ ಗೊತ್ತಾಗುತ್ತೆ.

ಮೂರಡಿ_ಪಟ್ಟಿ

ಮೂರು ತೊಟ್ಟಿ, ಉಳಿದದ್ದು ಪಿಂಟೋ. ಎರಡೂ ಪಕ್ಷ ಒಪ್ಪಿದೆ. ಯಾವಾಗ ಶುರು ಮಾಡಲಿ? ಚೀಲ ಆರಿಸೋವಾಗ ಎತ್ತರದ್ದೇ ತರಲಾ?

ಮೆಳೆಗಾರ

ಎತ್ತರ ನೋಡಬೇಡಿ. ಎಂಟಡಿಯ ಎರಡು ಗಳು ಇರೋ ಚೀಲಕ್ಕಿಂತ ಮೂರಡಿಯ ಆರು ಗಳು ಇರೋದು ಮೇಲು. ಹೊಸ ಗಳು ಹಳೆಯದಕ್ಕಿಂತ ಎತ್ತರವಾಗೇ ಏಳುತ್ತೆ, ಗಡ್ಡೆ ದೊಡ್ಡದಿದ್ದಷ್ಟೂ ಬೇಗ. ಜೂನ್ ಮೊದಲ ವಾರ ತೊಟ್ಟಿಗೆ ಹಾಕಿ. ಚೀಲದಲ್ಲಿ ಮಣ್ಣು ಎಲ್ಲಿವರೆಗಿತ್ತೋ ತೊಟ್ಟಿಯಲ್ಲೂ ಅಲ್ಲಿವರೆಗೇ. ಜುಲೈಯಿಂದ ಸೆಪ್ಟೆಂಬರ್ ಒಳಗೆ ಕಳಲೆ ಬರುತ್ತೆ, ಆಗ ಬುಡದಲ್ಲಿ ಕೈ ಆಡಿಸಬೇಡಿ, ಎಳೆ ಕಳಲೆ ಮುಟ್ಟಿದರೆ ಮುರಿಯುತ್ತೆ.

ಕೆಮ್ಮಣ್ಣು

ಪಿಂಟೋ ಪ್ಯಾಕೆಟ್ ಈಗಲೇ ತಂದು ಮೂಲೆಯಲ್ಲಿ ಬೆಳೆಸಿಕೊಳ್ಳಿ, ಕಡ್ಡಿ ಜೂನ್ ಮಧ್ಯದಿಂದ ಜುಲೈ ಒಳಗೆ. ತಪ್ಪಿದರೆ ಸೆಪ್ಟೆಂಬರ್ ಮೊದಲ ವಾರ, ಬೆಂಗಳೂರಿಗೆ ಹಿಂಗಾರಿನ ಮಳೆ ಇನ್ನೂ ಬಾಕಿ ಇರುತ್ತೆ. ಮೊದಲು ತೊಟ್ಟಿ ಜಾಗಕ್ಕೆ ಕೂರಿಸಿ, ಆಮೇಲೆ ಪಿಂಟೋ. ಉಲ್ಟಾ ಮಾಡಿದರೆ ಡ್ರಮ್ ಎಳೆಯುವಾಗ ಅರ್ಧ ಕಡ್ಡಿ ಕಿತ್ತು ಬರುತ್ತೆ.